ಎಡಗಾಲಿನ ಕೆಲಸ

ಫೆಬ್ರವರಿ 9

ಅದು ಬಂದಿದೆ. ನಮ್ಮ ಡ್ರೈವಿಂಗ್ ಸ್ಕೂಲಿನ ಶೆಡ್ಡಿನ ಮುಂದೆ ಬಿಳಿಯ ಬಚ್ಚಲುತೊಟ್ಟಿಯ ಹಾಗೆ ನಿಂತಿದೆ. ಬಾಮೈದ ಬೆಳಿಗ್ಗೆಯಿಂದ ಅದರ ಸುತ್ತ ಸುತ್ತಿದ್ದೇ ಸುತ್ತಿದ್ದು. ಆಮೇಲೆ ನನ್ನನ್ನು ಹತ್ತಿರ ಕರೆದು ಬಾಗಿಲು ತೆರೆದು ತೋರಿಸಿದ. ಕೆಳಗೆ ಎರಡೇ ಪೆಡಲ್. ಮೂರನೆಯದು ಇರಬೇಕಾದ ಕಡೆ ಖಾಲಿ ಕಾರ್ಪೆಟ್ಟು, ಪಾದ ಇಟ್ಟುಕೊಂಡು ಸುಮ್ಮನಿರಲು ಒಂದು ಪ್ಲಾಸ್ಟಿಕ್ ಮಣೆ.

"ನೋಡಿ ಭಾವ, ಎಡಗಾಲಿಗೆ ಕೆಲಸಾನೇ ಇಲ್ಲ," ಎಂದ. ಎಂದ ಮೇಲೆ ನನ್ನ ಎಡಗಾಲು ನೋಡಿದ. ನೋಡಿದ ಮೇಲೆ ಬಾಗಿಲು ಹಾಕಿದ.

ಮೂರು ವಾರದ ಹಿಂದೆ ಸ್ಟೆಪ್ನಿ ಚಕ್ರ ಎತ್ತಲು ಬಗ್ಗಿದವನು ನೆಟ್ಟಗಾಗಲಿಲ್ಲ. ಬೆನ್ನಿನ ಎರಡು ಮೂಳೆಗಳ ನಡುವೆ ನರವೊಂದು ಸಿಕ್ಕಿಕೊಂಡಿದೆಯಂತೆ. ಬೆನ್ನುನೋವು ಹೋಯಿತು, ಹೋಗುವಾಗ ಎಡಪಾದವನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಪಾದ ಮೇಲಕ್ಕೆ ಏಳುವುದಿಲ್ಲ. ಒತ್ತಿದರೆ ಒತ್ತಿದ್ದು ನನಗೇ ತಿಳಿಯುವುದಿಲ್ಲ. ನಡೆದರೆ ಒದ್ದೆ ಬಟ್ಟೆಯನ್ನು ನೆಲಕ್ಕೆ ಬಡಿದ ಸದ್ದು. "ನರ ಅಲ್ವಾ, ಬಂದ್ರೆ ಬರುತ್ತೆ," ಎಂದರು ಡಾಕ್ಟರು. ಡ್ರೈವಿಂಗ್ ಕಲಿಯಲು ಬಂದವನಿಗೆ ನಾನು ಹೀಗೆ ಹೇಳಿದ್ದರೆ ಅವನು ಫೀಸು ವಾಪಸ್ಸು ಕೇಳುತ್ತಿದ್ದ.

ಬರದಿದ್ದರೆ ಏನು ಎಂದು ನಾನು ಕೇಳಲಿಲ್ಲ. ಬರದಿದ್ದರೆ ಕ್ಲಚ್ಚಿಲ್ಲ. ಕ್ಲಚ್ಚಿಲ್ಲದಿದ್ದರೆ ಗೇರಿಲ್ಲ. ಗೇರಿಲ್ಲದಿದ್ದರೆ, ಈ ಬಚ್ಚಲುತೊಟ್ಟಿಗಾಗಿ ಕಾಯುವವರ ಸಾಲಿನಲ್ಲಿ ನಾನೂ ನಿಲ್ಲಬೇಕು. ಇಷ್ಟು ವರ್ಷ ಜನರಿಗೆ ಕಾರು ಓಡಿಸಲು ಕಲಿಸಿದವನು.

ಇದನ್ನು ಬರೆಯಲು ಬೇರೆ ಕಾರಣವಿಲ್ಲ. ಮನೆಯಲ್ಲಿ ಕೂತವನಿಗೆ ಬೈಯಲು ಒಂದು ಜಾಗ ಬೇಕು. ಹೆಂಡತಿಗೆ ಔಷಧಿ ಅಂಗಡಿಯ ಕೆಲಸವಿದೆ, ಅವಳು ಸಿಗುವುದಿಲ್ಲ.

ಫೆಬ್ರವರಿ 13

ನನಗೆ ಕುರ್ಚಿಗೆ ಬಡ್ತಿ ಸಿಕ್ಕಿದೆ. ಕಾಲು ಸರಿಹೋಗುವವರೆಗೆ ನಾನು ಆಫೀಸು ನೋಡಿಕೊಳ್ಳುವುದು, ಬಾಮೈದ ಪಾಠ ನೋಡಿಕೊಳ್ಳುವುದು. ಆಫೀಸೆಂದರೆ ಶೆಡ್ಡಿಗೆ ಅಂಟಿಕೊಂಡ ಕೋಣೆ: ಒಂದು ಮೇಜು, ರಸ್ತೆಚಿಹ್ನೆಗಳ ಪಟ, ಹಲ್ಲುಚಕ್ರಗಳು ಕಾಣುವಂತೆ ಮಗ್ಗುಲು ಕೊಯ್ದಿಟ್ಟ ಹಳೆಯ ಗೇರ್‌ಬಾಕ್ಸು. ಮೊದಲೆಲ್ಲ ಕಲಿಯಲು ಬಂದವರಿಗೆ ನಾನು ಅದನ್ನು ಕೈಯಲ್ಲಿ ತಿರುಗಿಸಿ ತೋರಿಸುತ್ತಿದ್ದೆ. ಇವತ್ತೊಬ್ಬ ಅದರ ಮೇಲೆ ಹೆಲ್ಮೆಟ್ಟು ಇಟ್ಟ.

ಬಂದವರ ಮೊದಲ ಪ್ರಶ್ನೆ ಒಂದೇ. "ಆಟೋಮ್ಯಾಟಿಕ್ ಇದ್ಯಾ?" ಇದೆ ಎಂದರೆ ಮುಖ ಅರಳುತ್ತದೆ. ಗೇರು ಯಾಕೆ ಬೇಡ ಎಂದು ಒಬ್ಬನನ್ನು ಕೇಳಿದೆ. "ಅದೆಲ್ಲಾ ಯಾರು ಹಾಕ್ತಾರೆ ಸರ್," ಎಂದ. ಯಾರು ಹಾಕುತ್ತಾರೆ! ತುತ್ತು ಅಗಿಯುವ ಕೆಲಸವನ್ನೂ ಯಾರಾದರೂ ವಹಿಸಿಕೊಂಡರೆ ಇವರು ಸಂತೋಷವಾಗಿ ಹಲ್ಲು ಕೀಳಿಸಿಕೊಂಡು ಬರುತ್ತಾರೆ.

ಪಿ, ಆರ್, ಎನ್, ಡಿ: ನಿಲ್ಲು, ಹಿಂದೆ, ಖಾಲಿ, ಮುಂದೆ. ಅಷ್ಟೇ ಪಾಠ. ನಾಲ್ಕಕ್ಷರ ಕಲಿತರೆ ಹೊಟ್ಟೆಪಾಡು ನಡೆಯುತ್ತದೆ ಎಂದು ನನ್ನಪ್ಪ ಹೇಳುತ್ತಿದ್ದ. ಈಗ ಕಾರೂ ನಡೆಯುತ್ತದೆ.

ಕ್ಲಚ್ಚನ್ನು ಪೂರ್ತಿ ಒತ್ತಲು ಯಾರಿಗಾದರೂ ಬರುತ್ತದೆ. ಪೂರ್ತಿ ಬಿಡಲೂ ಬರುತ್ತದೆ. ಅವೆರಡರ ನಡುವೆ, ಪಾದದ ಅಡಿಯಲ್ಲಿ, ಒಂದು ಜಾಗವಿದೆ. ಹಾಫ್ ಕ್ಲಚ್ ಅನ್ನುತ್ತೇವೆ. ಅಲ್ಲಿ ಇಂಜಿನ್ನು ಚಕ್ರವನ್ನು ಹಿಡಿದೂ ಹಿಡಿಯದ ಹಾಗಿರುತ್ತದೆ, ಗಾಡಿ ನಿಂತಲ್ಲೇ ಉಸಿರಾಡುತ್ತದೆ. ಏರಿನಲ್ಲಿ ಹಿಂದಕ್ಕೂ ಜಾರದೆ ಮುಂದಕ್ಕೂ ನುಗ್ಗದೆ ನಿಲ್ಲಿಸುವವನು ಆ ಜಾಗದಲ್ಲಿ ಬದುಕುತ್ತಾನೆ. ಅದು ಎಲ್ಲಿದೆ ಎಂದು ಬಾಯಲ್ಲಿ ಹೇಳಲು ನನಗೆ ಯಾವತ್ತೂ ಆಗಿಲ್ಲ. ಪಾದಕ್ಕೆ ಗೊತ್ತಿತ್ತು.

"ಕಾಲ ಬದಲಾಗಿದೆ ಭಾವ," ಎಂದ ಬಾಮೈದ, ಟೀ ಕುಡಿಯುತ್ತಾ.

"ಬದಲಾಗಿರೋದು ಕಾಲು," ಎಂದೆ. ಅವನು ನಗಬೇಕೋ ಬೇಡವೋ ತಿಳಿಯದೆ ಟೀ ಲೋಟದೊಳಗೆ ನೋಡಿದ. ಇವನ ಅಕ್ಕನಿಗಾಗಿದ್ದರೆ ತಕ್ಷಣ ಅರ್ಥವಾಗುತ್ತಿತ್ತು.

ಫೆಬ್ರವರಿ 20

ವ್ಯಾಯಾಮ ಮಾಡಿಸುವ ಹುಡುಗಿ ನನ್ನನ್ನು ಅಂಕಲ್ ಅನ್ನುತ್ತಾಳೆ. ನೆಲದ ಮೇಲೆ ಟವೆಲ್ಲು ಹಾಸಿ, ಬೆರಳಲ್ಲಿ ಹಿಡಿದು ಎಳೆಯಿರಿ ಎಂದಳು. ಬಲಗಾಲು ಎಳೆಯಿತು. ಎಡಗಾಲು ಟವೆಲ್ಲನ್ನು ಮೊದಲ ಸಲ ನೋಡಿದ ಹಾಗೆ ಸುಮ್ಮನಿತ್ತು.

"ಮನಸ್ಸಿನಲ್ಲೇ ಎತ್ತಿ ಅಂಕಲ್. ಎತ್ತಿದ ಹಾಗೆ ಅನ್ಕೊಳಿ. ಅದೂ ವ್ಯಾಯಾಮಾನೇ."

ಮನಸ್ಸಿನಲ್ಲೇ ಎತ್ತಿದೆ. ಮನಸ್ಸಿನಲ್ಲಿ ನಾನು ಇಂಥ ಎಷ್ಟೋ ಕೆಲಸ ಮಾಡಿದ್ದೇನೆ.

"ನೀವು ಏನು ಕೆಲಸ ಮಾಡೋದು?"

ಹೇಳಿದೆ.

"ಓ, ಹಾಗಾದ್ರೆ ಚಿಂತೆ ಇಲ್ಲ ಬಿಡಿ. ಈಗೆಲ್ಲಾ ಆಟೋಮ್ಯಾಟಿಕ್ ಅಲ್ವಾ?"

ಸಮಾಧಾನ ಹೇಳಿದಳು ಪಾಪ. ಪ್ಲಾಸ್ಟಿಕ್ಕಿನ ಒಂದು ಪಟ್ಟಿ ಕೊಟ್ಟಿದ್ದಾಳೆ, ಪಾದ ಜೋತು ಬೀಳದಂತೆ ಬೂಟಿನೊಳಗೆ ಕಟ್ಟಿಕೊಳ್ಳಲು. ಅದರ ಬಣ್ಣ ಗೊಂಬೆಗಳ ಚರ್ಮದ ಬಣ್ಣ.

ಫೆಬ್ರವರಿ 27

ಶೋರೂಮಿಗೆ ಫೋನ್ ಮಾಡಿ ಗೇರಿನ ಗಾಡಿ ಇದೆಯೇ ಎಂದು ಕೇಳಿದೆ. ಆ ಕಡೆಯವನು, ವಯಸ್ಸಾದವರ ಜೊತೆ ಮಾತಾಡುವ ದನಿಯಲ್ಲಿ, "ಅದು ಬರೋದು ನಿಂತಿದೆ ಸರ್. ನಿಮ್ಮ ಮನೇಲಿ ಬೇರೆ ಯಾರಾದ್ರೂ ಇದ್ದಾರಾ, ಅವರ ಹತ್ರ ಮಾತಾಡ್ಲಾ?" ಎಂದ.

ಮಾರ್ಚ್ 3

ನಮ್ಮಲ್ಲಿ ಉಳಿದಿರುವ ಗೇರಿನ ಗಾಡಿ ಒಂದೇ, ಪಾಚಿ ಬಣ್ಣದ್ದು. ಅದನ್ನು ಕೊಟ್ಟುಬಿಡೋಣ ಎಂದು ಬಾಮೈದ ಇವತ್ತು ಬಾಯಿಬಿಟ್ಟ. ನನ್ನ ಕಾಲಿನ ಸಂಗತಿ ಇತ್ಯರ್ಥ ಆಗುವವರೆಗೆ ಅದರ ಮೇಲೆ ಕೈಯಿಡಬೇಡ ಎಂದೆ. ಸರಿ ಎಂದ. ಸರಿ ಎಂದವನು ಅಲ್ಲೇ ನಿಂತಿದ್ದ. ಇವನು ನಿಂತರೆ ಇನ್ನೇನೋ ಇದೆ ಎಂದು ಅರ್ಥ.

"ಭಾವ, ನಿಮ್ಮಿಂದ ಒಂದು ಉಪಕಾರ ಆಗ್ಬೇಕು. ಆ ಟಕಟಕ ಅಮ್ಮ ಇದ್ದಾರಲ್ಲ…"

ಟಕಟಕ ಅಮ್ಮ ಎಂದರೆ ಕೋರ್ಟಿನಲ್ಲಿ ಬೆರಳಚ್ಚು ಮಾಡಿ ನಿವೃತ್ತಳಾದ ಹೆಂಗಸು. ಹೊಸ ಗಾಡಿಗೆ ಸೇರಿದ ಮೊದಲ ವಿದ್ಯಾರ್ಥಿನಿ. ಒಂದು ವಾರದಲ್ಲಿ ಬಾಮೈದನನ್ನು ಹಿಂಡಿ ಹಿಪ್ಪೆ ಮಾಡಿದ್ದಾಳೆ.

"ನಾನು ಒಂದು ಮಾತು ಹೇಳಿದ್ರೆ ಅದನ್ನ ತಿದ್ದಿ ವಾಪಸ್ ಕೊಡ್ತಾರೆ ಭಾವ. 'ನಿಧಾನಕ್ಕೆ ಬ್ರೇಕ್ ಹಾಕಿ ಸ್ಲೋ ಮಾಡಿ' ಅಂದೆ. 'ಎರಡು ಸಲ ಯಾಕೆ ಹೇಳ್ತೀಯಾ, ಒಂದು ತೆಗಿ' ಅಂದ್ರು. ನನ್ನ ಕೈಲಾಗಲ್ಲ. ನೀವು ಪಕ್ಕದಲ್ಲಿ ಕೂತ್ರೆ ಸಾಕು. ಕಲಿಸೋರ ಕಡೆ ಇರೋದು ಒಂದೇ ಬ್ರೇಕು, ಬಲಗಾಲು ಸಾಕು."

ಬಲಗಾಲು ಸಾಕು. ನನ್ನನ್ನು ಬಚ್ಚಲುತೊಟ್ಟಿಯಲ್ಲಿ ಕೂರಿಸಲು ಅಕ್ಕತಮ್ಮ ಸೇರಿ ಹೂಡಿದ್ದೇ ಇದು? ಹೆಂಡತಿಯನ್ನು ಕೇಳಿದೆ. "ಹೌದು ರೀ, ನನಗೆ ಬೇರೆ ಕೆಲಸ ಇಲ್ಲ," ಎಂದಳು. ಹೂಡಿದ್ದಾರೆ.

ಮಾರ್ಚ್ 5

ಗೋದಾಮಿನ ಹಿಂದಿನ ಬಯಲಿನಲ್ಲಿ ಟಕಟಕ ಅಮ್ಮನಿಗೆ ನನ್ನ ಮೊದಲ ಪಾಠ. ಸಣ್ಣ ಆಳು, ದೊಡ್ಡ ಕನ್ನಡಕ. ಸ್ಟಿಯರಿಂಗನ್ನು ಹತ್ತು ಬೆರಳಿನಲ್ಲೂ ಹಿಡಿಯುತ್ತಾಳೆ.

"ನೀವೇನಾ ಕಾಲಿನ ಮೇಷ್ಟ್ರು?"

"ಕಾಲಿನ ಮೇಷ್ಟ್ರು ಅಂದ್ರೆ?"

"ನಿಮ್ಮ ಭಾವಮೈದ ಹೇಳಿದ, ಕಾಲು ಬಿದ್ದುಹೋಗಿದೆ, ಬಾಯಿ ಮಾತ್ರ ಚೆನ್ನಾಗಿದೆ ಅಂತ."

ಡಿ ಗೆ ಹಾಕಿ ಎಂದೆ. ಹಾಕಿದಳು. ಬ್ರೇಕಿನಿಂದ ಕಾಲು ತೆಗೆದಳು. ಗಾಡಿ ತನ್ನಷ್ಟಕ್ಕೆ ತೆವಳಿತು. ನಾನು ಕಲಿಸುವುದು ಏನೂ ಇರಲಿಲ್ಲ. ಹಳೆಯ ಗಾಡಿಯಲ್ಲಾದರೆ ಇಷ್ಟಕ್ಕೆ ಒಂದು ವಾರ ಹಿಡಿಯುತ್ತಿತ್ತು. ಆ ವಾರದಲ್ಲಿ ಇಂಜಿನ್ನು ಅದೆಷ್ಟು ಸಲ ಆಫ್ ಆಗಿ, ಹಿಂದಿನವರು ಹಾರ್ನು ಹೊಡೆದು, ಕಲಿಯುವವನು ಬೆವೆತು, ನಾನು ಬೈದು, ಅವನೊಳಗೆ ಏನೋ ಒಂದು ಗಟ್ಟಿಯಾಗುತ್ತಿತ್ತು. ಇವಳು ಬೆವರಲಿಲ್ಲ.

ಈ ವಯಸ್ಸಿನಲ್ಲಿ ಕಾರು ಯಾಕೆ ಎಂದು ಕೇಳಿದೆ. ತಂಗಿ ಊರಾಚೆ ಮನೆ ಮಾಡಿಕೊಂಡಿದ್ದಾಳಂತೆ, ಆ ಕಡೆ ಬಸ್ಸು ನಿಂತುಹೋಗಿದೆಯಂತೆ.

"ಫೋನಿದೆಯಲ್ಲ."

"ಫೋನಲ್ಲಿ ಜಗಳ ಆಡಿದ್ರೆ ಮಜಾ ಬರಲ್ಲ ಮೇಷ್ಟ್ರೇ. ಅವಳು ಕಟ್ ಮಾಡಿಬಿಡ್ತಾಳೆ. ಎದುರಿಗೆ ಹೋಗ್ಬೇಕು."

ಮಾರ್ಚ್ 12

ಕಾಲು: ಇಲ್ಲ.

ಮಾರ್ಚ್ 16

ಇವತ್ತು ತಡೆಯಲಾರದೆ ಹೇಳಿದೆ. ನೀವು ಕಲಿಯುತ್ತಿರುವುದು ಡ್ರೈವಿಂಗ್ ಅಲ್ಲ, ಗಾಡಿಯ ಮೇಲೆ ಕೂರುವುದು. ನಿಮಗೆ ಸಿಗುವ ಲೈಸೆನ್ಸಿನಲ್ಲೂ 'ಆಟೋಮ್ಯಾಟಿಕ್ ಮಾತ್ರ' ಎಂದು ಬರೆದಿರುತ್ತದೆ. ಅರ್ಧ ಲೈಸೆನ್ಸು. ಗೇರು ಹಾಕುವಾಗ ಇಂಜಿನ್ನಿನ ಜೊತೆ ಒಂದು ಮಾತುಕತೆ ಇರುತ್ತದೆ, ಅದರ ದನಿ ಕೇಳಿ ಕಾಲು ಉತ್ತರ ಕೊಡುತ್ತದೆ, ಇತ್ಯಾದಿ. ನನ್ನ ಕಿವಿಗೇ ಚೆನ್ನಾಗಿತ್ತು.

ಅವಳು ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿದಳು. ನೀಟಾಗಿಯೇ ನಿಲ್ಲಿಸಿದಳು.

"ನಾನು ಬೆರಳಚ್ಚು ಯಂತ್ರ ಕುಟ್ಟಿದ್ದು ಎಷ್ಟು ವರ್ಷ ಗೊತ್ತಾ? ಇಲ್ಲಿ ನೋಡಿ." ಕಿರುಬೆರಳು ತೋರಿಸಿದಳು, ಮೊದಲ ಗೆಣ್ಣಿನಲ್ಲಿ ಸೊಟ್ಟ. "ಆಮೇಲೆ ಕಂಪ್ಯೂಟರ್ ಬಂತು. ನಮ್ಮ ಸೂಪರಿಂಟೆಂಡೆಂಟು ನಿಮ್ಮ ಹಾಗೇ ಭಾಷಣ ಮಾಡಿದ. ಯಂತ್ರದ ಸದ್ದು ಸಂಗೀತ, ಅದೇನೋ ಲಯ. ಅವನು ಒಂದು ದಿನ ಕುಟ್ಟಿದವನಲ್ಲ. ಆ ದರಿದ್ರ ಯಂತ್ರ ಹೋದ ದಿನ ನಾವು ಆರು ಜನ ಹೆಂಗಸರು ಹೊರಗೆ ಹೋಗಿ ಕಾಫಿ ಕುಡಿದ್ವಿ."

"ನಾನು ಕುಟ್ಟಿದವನು," ಎಂದೆ.

"ಹೌದು. ಅದಕ್ಕೇ ಬೆನ್ನು ಹೋಗಿರೋದು."

ಬೆನ್ನು ಹೋಗಿದ್ದು ಸ್ಟೆಪ್ನಿಯಿಂದ. ಅವಿವೇಕಿಗಳ ಜೊತೆ ವಾದ ಮಾಡುವುದಕ್ಕಿಂತ ಕಿಟಕಿಯಾಚೆ ನೋಡುವುದು ಲೇಸು. ಕಿಟಕಿಯಾಚೆ ಗೋದಾಮಿನ ಗೋಡೆ.

ಮಾರ್ಚ್ 17

ಗೇರ್‌ಬಾಕ್ಸಿನ ಮೇಲಿನ ಧೂಳು ಒರೆಸಿದೆ. ಹೊಸ ಗಾಡಿಯ ಗಾಜನ್ನೂ ಒರೆಸಿದೆ. ಗಾಜು ಕೊಳಕಾಗಿದ್ದರೆ ನನಗಾಗದು, ಅಷ್ಟೇ.

ಮಾರ್ಚ್ 25

ವ್ಯಾಯಾಮದ ಹುಡುಗಿ ಕಾಲಿಗೆ ಸಣ್ಣ ಕರೆಂಟು ಕೊಟ್ಟಳು. ಪಾದ ಗಕ್ಕನೆ ಎದ್ದಿತು. ಸ್ವಿಚ್ಚು ಆರಿಸಿದಳು, ಪಾದ ಬಿದ್ದುಕೊಂಡಿತು. "ಇದು ನೀವು ಎತ್ತಿದ್ದಲ್ಲ, ಯಂತ್ರ ಎತ್ತಿದ್ದು," ಎಂದಳು. ಅಂದರೆ ನನ್ನ ಕಾಲೂ ಆಟೋಮ್ಯಾಟಿಕ್ ಆಗಿದೆ.

ಮನೆಗೆ ಬಂದು ಇದನ್ನು ತಮಾಷೆಯಾಗಿ ಹೇಳಿದೆ. ಹೆಂಡತಿ ನಗಲಿಲ್ಲ. ನನ್ನ ಬೂಟಿನ ಲೇಸು ಬಿಚ್ಚುತ್ತಿದ್ದಳು. ಎಡಗಾಲಿನದು. ಅವಳ ಕೈ ಪಾದದ ಮೇಲಿದ್ದದ್ದು ಕಣ್ಣಿಗೆ ಕಾಣುತ್ತಿತ್ತು, ಅಷ್ಟರಿಂದ ಇದೆ ಎಂದು ಗೊತ್ತಾಯಿತು.

ಏಪ್ರಿಲ್ 2

ಬೆರಳಚ್ಚಿನಾಕೆಗೆ ಏರು ಹೇಳಿಕೊಟ್ಟೆ. ಆಸ್ಪತ್ರೆಯ ಹಿಂದಿನ ಇಳಿಜಾರು, ಅರ್ಧದಲ್ಲಿ ನಿಲ್ಲಿಸಿ ಮತ್ತೆ ಹೊರಡಬೇಕು. ಈ ಗಾಡಿಗೆ ಅದೊಂದು ವಿಷಯವೇ ಅಲ್ಲ, ತಾನೇ ಹಿಡಿದುಕೊಳ್ಳುತ್ತದೆ. ಆದರೂ ನಾನು ಇಂಜಿನ್ನಿನ ದನಿ ಕೇಳಿಸಿಕೊಳ್ಳಿ ಎಂದೆ. ಕುಗ್ಗಿದಾಗ ಸ್ವಲ್ಪ ಆಕ್ಸಿಲರೇಟರ್, ಎದ್ದಾಗ ಬಿಡಿ, ಪೂರ್ತಿ ಒತ್ತಬೇಡಿ, ಪೂರ್ತಿ ಬಿಡಬೇಡಿ. ಬಲಗಾಲಿನಲ್ಲಿ ಮಾಡಬಹುದಾದ ಹಾಫ್ ಕ್ಲಚ್ಚು. ಇಂಥದ್ದನ್ನು ಈ ಡಬ್ಬದಲ್ಲಿ ಯಾರೂ ಯಾರಿಗೂ ಕಲಿಸಿರಲಾರರು, ಅಗತ್ಯವೇ ಇಲ್ಲ.

ನಾಲ್ಕನೆಯ ಸಲಕ್ಕೆ ಗಾಡಿ ಏರಿನಲ್ಲಿ ಎಷ್ಟು ನಯವಾಗಿ ಹೊರಟಿತೆಂದರೆ ಹೊರಟದ್ದು ನನಗೆ ತಿಳಿಯಲಿಲ್ಲ. ಅವಳಿಗೆ ತಿಳಿಯಿತು. ಕನ್ನಡಕದ ಮೇಲಿಂದ ನನ್ನ ಕಡೆ ನೋಡಿದಳು.

"ರಸ್ತೆ ನೋಡಿ," ಎಂದೆ.

ಏಪ್ರಿಲ್ 8

ನಾಡಿದ್ದು ಅವಳ ಪರೀಕ್ಷೆ. ಬಾಮೈದ ತಾನು ಹೋಗುತ್ತೇನೆ ಎಂದ. ಅವನನ್ನು ನೋಡಿದರೆ ಅವಳಿಗೆ ಸಿಟ್ಟು ಬಂದು ದಾರಿ ತಪ್ಪುತ್ತದೆ, ನಾನೇ ಹೋಗುತ್ತೇನೆ ಎಂದೆ. "ಬಚ್ಚಲುತೊಟ್ಟೀಲಾ ಭಾವ?" ಎಂದು ಕಾಲೆಳೆದ. ಎಳೆಯಲಿ. ಅದಕ್ಕೇನು ಗೊತ್ತಾಗುತ್ತದೆ.

ಏಪ್ರಿಲ್ 10

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಪರೀಕ್ಷೆಯಲ್ಲಿ ಕಲಿಸಿದವನು ಮುಂದೆ ಪಕ್ಕದ ಸೀಟಿನಲ್ಲಿ, ಇನ್‌ಸ್ಪೆಕ್ಟರು ಹಿಂದೆ. ಕಲಿಸಿದವನು ತನ್ನ ಕಡೆಯ ಪೆಡಲ್ ಒತ್ತಿದರೆ ಹಿಂದೆ ಗುಂಯ್ ಎಂದು ಒಂದು ಗಂಟೆ ಕೂಗುತ್ತದೆ, ಪರೀಕ್ಷೆ ಅಲ್ಲಿಗೆ ಮುಗಿಯುತ್ತದೆ. ಯಾಕೆ ಒತ್ತಿದ ಎಂದು ಗಂಟೆಗೆ ಬೇಕಿಲ್ಲ.

ಅವಳು ಚೆನ್ನಾಗಿ ಓಡಿಸಿದಳು. ತಿರುವು, ದೀಪ, ರಿವರ್ಸು, ಎಲ್ಲಾ ಕಾಗದದ ಮೇಲೆ ಟೈಪು ಹೊಡೆದ ಹಾಗೆ. ಇನ್‌ಸ್ಪೆಕ್ಟರು ಆಕಳಿಸಿದ, ಅದು ಒಳ್ಳೆಯ ಲಕ್ಷಣ. ಕೊನೆಯದು ಏರು. ಅರ್ಧದಲ್ಲಿ ನಿಲ್ಲಿಸಿ ಎಂದ. ನಿಲ್ಲಿಸಿದಳು. ಹೊರಡಿ ಎಂದ. ಅವಳು ಬ್ರೇಕು ಬಿಟ್ಟಳು. ಇಂಜಿನ್ನಿನ ದನಿ ಒಂದು ಕ್ಷಣ ಕುಗ್ಗಿತು.

ಆ ದನಿ ನನಗೆ ಗೊತ್ತು. ಗಾಡಿ ಆಫ್ ಆಗುವ ಮೊದಲಿನ ದನಿ. ಹಳೆಯ ಗಾಡಿಯಲ್ಲಿ ಕಲಿಯುವವನು ಕ್ಲಚ್ಚು ಬೇಗ ಬಿಟ್ಟಾಗ ಪಕ್ಕದಲ್ಲಿ ಕೂತವನು ತನ್ನ ಕ್ಲಚ್ಚು ಒತ್ತಿ ಗಾಡಿ ಉಳಿಸಬೇಕು. ಯೋಚಿಸಿ ಮಾಡುವುದಲ್ಲ, ಕೆಮ್ಮು ಬಂದಾಗ ಕೈ ಬಾಯಿಗೆ ಹೋದ ಹಾಗೆ. ನನ್ನ ಎಡಗಾಲು ಮೇಲೆದ್ದು, ಮುಂದೆ ಹೋಗಿ, ಕ್ಲಚ್ಚು ಒತ್ತಿತು.

ಅಲ್ಲಿ ಕ್ಲಚ್ಚಿಲ್ಲ. ಅಂಗೈಯಗಲದ ಬ್ರೇಕು ಇದೆ. ಕ್ಲಚ್ಚನ್ನು ಒತ್ತುವಷ್ಟು ಬಲದಿಂದ ಬ್ರೇಕು ಒತ್ತಿದರೆ ಏನಾಗುತ್ತದೋ ಅದಾಯಿತು. ಗಾಡಿ ಗೂಟಕ್ಕೆ ಕಟ್ಟಿದ ಹಾಗೆ ನಿಂತಿತು. ಇನ್‌ಸ್ಪೆಕ್ಟರಿನ ಹಣೆ ನನ್ನ ಸೀಟಿನ ಬೆನ್ನಿಗೆ ಹೊಡೆಯಿತು. ಗುಂಯ್.

"ಯಾರು ಒತ್ತಿದ್ದು?"

"ನಾನು."

"ಏನು ಅಪಾಯ ಕಾಣಿಸ್ತು?"

"ಅಪಾಯ ಏನಿಲ್ಲ. ಕ್ಲಚ್ ಒತ್ತಿದೆ."

"ಕ್ಲಚ್ ಎಲ್ಲಿದೆ?"

"ಇಲ್ಲ."

ಇನ್‌ಸ್ಪೆಕ್ಟರು ಹಣೆ ಉಜ್ಜಿಕೊಳ್ಳುತ್ತಾ ನಗತೊಡಗಿದ. ನಕ್ಕು ನಕ್ಕು ಕೆಮ್ಮಿದ. "ನಾನೂ ಹೊಸ ಆಟೋಮ್ಯಾಟಿಕ್ ತಗೊಂಡಾಗ ಹೆಂಡತಿ ಹಲ್ಲು ಮುರಿಯೋದ್ರಲ್ಲಿತ್ತು ಸರ್, ಹೀಗೇ, ಎಡಗಾಲಲ್ಲಿ ಬ್ರೇಕ್ ಒತ್ತಿ," ಎಂದ. ಈ ಅಮ್ಮನ ತಪ್ಪಿಲ್ಲವಲ್ಲ, ಪಾಸು ಮಾಡಿ ಎಂದೆ. "ನಗು ಬೇರೆ, ನಿಯಮ ಬೇರೆ," ಎಂದು ಫೇಲು ಎಂದು ಬರೆದು ಇಳಿದು ಹೋದ.

ಬೆರಳಚ್ಚಿನಾಕೆ ಸ್ಟಿಯರಿಂಗನ್ನು ಇನ್ನೂ ಹತ್ತು ಬೆರಳಿನಲ್ಲೂ ಹಿಡಿದಿದ್ದಳು.

"ನೀವ್ಯಾಕೆ ನಗ್ತಾ ಇದೀರಾ?"

ನಾನು ನಗುತ್ತಿದ್ದದ್ದು ನನಗೆ ಗೊತ್ತಿರಲಿಲ್ಲ.

"ಕಾಲು ಬಂತು," ಎಂದೆ.

"ಏನು?"

"ಎಡಗಾಲು. ಬಂತು. ತಾನೇ ಎದ್ದು ಒತ್ತಿತು."

ಅವಳು ನನ್ನ ಬೂಟು ನೋಡಿದಳು, ನನ್ನ ಮುಖ ನೋಡಿದಳು. "ಬರೋದು ಬಂತು, ಇವತ್ತೇ ಬರಬೇಕಿತ್ತಾ ಆ ದರಿದ್ರದ್ದು? ನಾಳೆ ಬಂದಿದ್ರೆ ಗಂಟು ಹೋಗ್ತಿತ್ತಾ?" ಎಂದು ಬೈದಳು. ಬೈದು ಮುಗಿದ ಮೇಲೆ ಚೀಲದಿಂದ ಕರ್ಚೀಫು ತೆಗೆದು ನನಗೆ ಕೊಟ್ಟಳು. ಯಾಕೆ ಕೊಟ್ಟಳೋ.

ಏಪ್ರಿಲ್ 11

ಹೆಬ್ಬೆರಳು ಅಲ್ಲಾಡುತ್ತದೆ. ಹೇಳಿದರೆ ಅಲ್ಲಾಡುವುದಿಲ್ಲ, ಬೇರೆ ಏನನ್ನೋ ಯೋಚಿಸುತ್ತಿದ್ದರೆ ಅಲ್ಲಾಡುತ್ತದೆ. ಹೆಂಡತಿಗೆ ತೋರಿಸಿದೆ. "ನಿಮ್ಮ ಕಾಲೇ ಹೌದು ಬಿಡಿ. ಹೇಳಿದ್ದು ಕೇಳಲ್ಲ," ಎಂದಳು. ಅಡುಗೆಮನೆಗೆ ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತಿದ್ದಳು.

ಏಪ್ರಿಲ್ 18

ಬೆಳಿಗ್ಗೆ ಬೇಗ, ಯಾರೂ ಬರುವ ಮೊದಲು, ಹಳೆಯ ಗಾಡಿಯಲ್ಲಿ ಕೂತೆ. ಪಟ್ಟಿ ಬಿಚ್ಚಿ ಹಿಂದಿನ ಸೀಟಿಗೆ ಎಸೆದೆ. ಕ್ಲಚ್ಚು ಒತ್ತಿದೆ, ಹೋಯಿತು, ನೆಲದವರೆಗೆ ಹೋಯಿತು. ಮೊದಲ ಗೇರು. ಆ ಕಟಕ್ಕೆನ್ನುವ ಸದ್ದನ್ನು ಮೊಣಕೈಯಲ್ಲಿ ಕೇಳಿದೆ. ಮೆಲ್ಲಗೆ ಬಿಡತೊಡಗಿದೆ. ಆ ಜಾಗ ಬರಬೇಕು, ಬರಬೇಕು. ಬರಲಿಲ್ಲ. ಗಾಡಿ ಒಮ್ಮೆ ಜಿಗಿದು ಆಫ್ ಆಯಿತು.

ಮತ್ತೆ. ಆಫ್.

ಶೆಡ್ಡಿನ ಬಾಗಿಲಲ್ಲಿ ಬಾಮೈದ ನಿಂತಿದ್ದ. ಎಷ್ಟು ಹೊತ್ತಿನಿಂದಲೋ. ನಾನು ಇಷ್ಟು ವರ್ಷ ಕಲಿಯುವವರಿಗೆ ಕೊಟ್ಟ ಬಿರುದುಗಳೆಲ್ಲ ಅವನಿಗೆ ಬಾಯಿಪಾಠ. ಒಂದನ್ನಾದರೂ ಹೇಳಬಹುದಿತ್ತು.

"ಬ್ಯಾಟರಿ ವೀಕ್ ಇರ್ಬೇಕು ಭಾವ," ಎಂದ.

ಕುಣಿಯಲಾರದವರಿಗೆ ನೆಲ ಡೊಂಕು ಮಾಡಿಕೊಡುವ ಇಂಥ ಬಂಧುಗಳೂ ಇರುತ್ತಾರೆ. ಐದನೆಯ ಸಲ ಅಂಗಳದ ಸುತ್ತ ಒಂದು ಸುತ್ತು ಬಂದೆ. ತೊಡೆ ನಡುಗುತ್ತಿತ್ತು. ಇನ್ನು ಎರಡು ವಾರ ಸಾಕು, ಅದು ಮೊದಲಿನ ಹಾಗೆ ಆಗುತ್ತದೆ. ವ್ಯಾಯಾಮದ ಹುಡುಗಿಯೂ ಅದನ್ನೇ ಹೇಳಿದಳು: ದಿನಾ ಕ್ಲಚ್ ಒತ್ತಿ ಅಂಕಲ್, ಇದಕ್ಕಿಂತ ಒಳ್ಳೆ ವ್ಯಾಯಾಮ ಇಲ್ಲ, ಆದ್ರೆ ಆಟೋಮ್ಯಾಟಿಕ್ಕಲ್ಲಿ ಕೂರೋದು ಬಿಡಿ, ಕಾಲಿಗೆ ಗೊಂದಲ ಆಗುತ್ತೆ.

ಗೊಂದಲ ಕಾಲಿಗೆ ಎಲ್ಲಿಂದ ಬರಬೇಕು.

ಏಪ್ರಿಲ್ 22

ಬೆರಳಚ್ಚಿನಾಕೆ ಆಫೀಸಿಗೆ ಬಂದಳು. ಮರುಪರೀಕ್ಷೆಗೆ ದಿನ ಸಿಕ್ಕಿದೆ. ಬಾಮೈದ ಬರುತ್ತಾನೆ, ನನ್ನ ಕಾಲಿಗೆ ಈಗ ಬೇರೆ ಅಭ್ಯಾಸ ನಡೆದಿದೆ, ಅದನ್ನು ನಂಬುವ ಹಾಗಿಲ್ಲ ಎಂದು ವಿವರಿಸಿದೆ.

"ಕೆಡಿಸಿದ್ದು ಯಾರ ಕಾಲು?"

"ನನ್ನದು."

"ಹಾಗಾದ್ರೆ ಅದನ್ನ ಕರ್ಕೊಂಡು ನೀವೇ ಬರಬೇಕು. ಅದು ಏನು ಮಾಡುತ್ತೋ ನೋಡ್ತೀನಿ."

ಹೆಂಗಸಿಗೆ ತಲೆ ಸರಿಯಿಲ್ಲ. ಆಗಲಿ ಎಂದೆ, ಅವಳು ಮೊದಲು ಹೊರಗೆ ಹೋಗಲಿ ಎಂದು.

ಏಪ್ರಿಲ್ 28

ಪಾಠ. ಪೇಟೆಯ ರಸ್ತೆ, ಮಳೆ. ಕ್ಲಚ್ಚಿನ ಅಭ್ಯಾಸಕ್ಕೆ ಇವತ್ತು ಹೊತ್ತು ಸಿಗಲಿಲ್ಲ. ನಿನ್ನೆಯೂ. ಅವಳು ಲೇನು ಬದಲಿಸುವಾಗ ಕನ್ನಡಿ ನೋಡುವುದಿಲ್ಲ, ತನ್ನ ಸಿಟ್ಟಿನ ಮೇಲೆ ಭಾರ ಹಾಕುತ್ತಾಳೆ. ಅದನ್ನು ಬಿಡಿಸಬೇಕು.

ಮೇ 4

ಹಳೆಯ ಗಾಡಿಯನ್ನು ಯಾರೋ ಕೇಳಿದರಂತೆ. ಬಾಮೈದ ಎರಡು ಸಲ ಕೇಳಿದ, ಕೊಡ್ಲಾ ಭಾವ, ನಿಜವಾಗ್ಲೂ ಕೊಡ್ಲಾ ಎಂದು. ಕೊಡು ಎಂದೆ, ನಾನು ಆಗ ನಕ್ಷೆಯ ಮೇಲೆ ಪರೀಕ್ಷೆಯ ದಾರಿ ಬರೆಯುತ್ತಿದ್ದೆ. ಮಧ್ಯಾಹ್ನ ಊಟ ಮುಗಿಸಿ ಬರುವಾಗ ಶೆಡ್ಡಿನಲ್ಲಿ ಜಾಗ ಜಾಸ್ತಿಯಾಗಿತ್ತು. ಹೊಸದನ್ನು ಇನ್ನು ನೆರಳಿನಲ್ಲಿ ನಿಲ್ಲಿಸಬಹುದು.

ಮೇ 9

ಮರುಪರೀಕ್ಷೆ. ಅದೇ ಇನ್‌ಸ್ಪೆಕ್ಟರು. "ಏನ್ ಸಾರ್, ಇವತ್ತು ಕ್ಲಚ್ ಎಲ್ಲಿಟ್ಟಿದೀರಾ?" ಎಂದ. ಇಂಥವರ ಕೈಯಲ್ಲಿ ಸರ್ಕಾರ ಮುದ್ರೆ ಕೊಟ್ಟು ಕೂರಿಸುತ್ತದೆ.

ಬೆಲ್ಟು ಹಾಕಿಕೊಳ್ಳುವ ಮೊದಲು ಎಡಗಾಲಿನ ಬೂಟು ಕಳಚಿದೆ. ಕಾಲನ್ನು ಮಡಚಿ ಸೀಟಿನ ಮೇಲೆ ತಂದು ತೊಡೆಯ ಅಡಿಗೆ ತುರುಕಿ ಅದರ ಮೇಲೆ ಕೂತೆ. ಬೆರಳಚ್ಚಿನಾಕೆ ನೋಡಿದಳು. ಸ್ಟಿಯರಿಂಗನ್ನು ಎಂಟು ಬೆರಳಿನಲ್ಲಿ ಹಿಡಿದಳು.

ಹೊರಟಿತು. ಮೊದಲ ತಿರುವಿನಲ್ಲಿ ಕಾಲು ಅಡಿಯಲ್ಲಿ ಒದ್ದುಕೊಂಡಿತು. ಸಿಗ್ನಲ್ಲಿನಲ್ಲಿ ಒದ್ದುಕೊಂಡಿತು. ಗಾಡಿ ನಿಧಾನವಾದಾಗಲೆಲ್ಲ, ಇಂಜಿನ್ನು ದನಿ ಬದಲಿಸಿದಾಗಲೆಲ್ಲ, ಚೀಲದೊಳಗೆ ಹಾಕಿಕೊಂಡು ಹೊರಟ ಬೆಕ್ಕಿನ ಹಾಗೆ. ಎರಡು ತಿಂಗಳು ಒಂದು ಬೆರಳು ಅಲ್ಲಾಡು ಎಂದು ಬೇಡಿಕೊಂಡರೂ ಕೇಳದ್ದು. ಸುಮ್ಮನಿರು, ಸುಮ್ಮನಿರು ಎಂದು ಇಡೀ ಮೈಯ ಭಾರ ಹಾಕಿ ಕೂತೆ.

ಏರು ಬಂತು. ನಿಲ್ಲಿಸಿ ಎಂದ. ನಿಂತಳು. ಹೊರಡಿ ಎಂದ. ದನಿ ಕುಗ್ಗಿತು. ಆಕ್ಸಿಲರೇಟರಿನ ಮೇಲೆ ಅವಳ ಕಾಲು ಆ ಜಾಗವನ್ನು ಹುಡುಕಿತು. ಪೂರ್ತಿ ಒತ್ತದೆ, ಪೂರ್ತಿ ಬಿಡದೆ. ನನ್ನ ಅಡಿಯಲ್ಲಿ ನನ್ನದೂ ಹುಡುಕಿತು. ಗಾಡಿ ಯಾವಾಗ ಹೊರಟಿತೋ ತಿಳಿಯಲಿಲ್ಲ, ಆಸ್ಪತ್ರೆಯ ಗೋಡೆ ಹಿಂದಕ್ಕೆ ಸರಿಯುತ್ತಿತ್ತು.

ಪಾಸು. ಇನ್‌ಸ್ಪೆಕ್ಟರು ಮುದ್ರೆ ಒತ್ತಿದ: ಆಟೋಮ್ಯಾಟಿಕ್ ಮಾತ್ರ. ಅವಳು ಅದನ್ನು ದೂರ ಹಿಡಿದು ಓದಿದಳು. "ಅಕ್ಷರ ಸೊಟ್ಟಗೆ ಬಂದಿದೆ, ಇನ್ನೊಂದು ಸಲ ಒತ್ತಿ," ಎಂದಳು. ಒತ್ತಿದ.

ಅವಳು ಇಳಿದು ಬಂದು ನನ್ನ ಕಡೆಯ ಬಾಗಿಲು ತೆರೆದಳು. ಸೀದಾ ತಂಗಿಯ ಮನೆಗೆ ಹೋಗಬೇಕಂತೆ, ಈಗಲೇ, ಸಿಟ್ಟು ಆರುವ ಮೊದಲು, ನಾನೂ ಬರಬೇಕಂತೆ. ಮೊದಲು ಇಳಿದು ಬೂಟು ಹಾಕೋಳಿ, ಬರಿಗಾಲಲ್ಲಿ ಬಂದ್ರೆ ಅವಳು ನಿಮ್ಮನ್ನೂ ಸೇರಿಸಿ ಆಡ್ಕೋತಾಳೆ ಎಂದಳು.

ಇಳಿಯಲು ಹೋದೆ. ಆಗಲಿಲ್ಲ. ಕಾಲನ್ನು ಅಡಿಯಿಂದ ಎಳೆದುಕೊಂಡೆ, ಅದು ಬೇರೆ ಯಾರದೋ ಕಾಲಿನ ಹಾಗೆ ಬಂತು. ಮುಟ್ಟಿದೆ. ಏನೂ ಇಲ್ಲ.

"ಏನಾಯ್ತು ಮೇಷ್ಟ್ರೇ?"

ಆಗ ಹಿಮ್ಮಡಿಯಿಂದ ಶುರುವಾಯಿತು. ಸಣ್ಣಗೆ, ಇರುವೆ ಹತ್ತಿದ ಹಾಗೆ, ಆಮೇಲೆ ಸೂಜಿ ಚುಚ್ಚಿದ ಹಾಗೆ, ಒಂದೊಂದೇ ಬೆರಳಿಗೆ.

"ಏನಿಲ್ಲ," ಎಂದೆ. "ಜೋಮು."

"ಅಷ್ಟೇನಾ," ಎಂದಳು ತಿರಸ್ಕಾರದಿಂದ, ಬಾಗಿಲು ಹಿಡಿದುಕೊಂಡು ಕಾದಳು.